ಹೊಳೆಯ ಕಡೆಗೆ ವಾಲುವ ಕೋಲು

ಹೊಳೆಯ ದಂಡೆಯ ಮೇಲೆ ಒಬ್ಬ ಗುರು ಇದ್ದರು ಎಂದ ಕೂಡಲೇ ನೀವು ಗಡ್ಡ, ಕಾವಿ, ಕಮಂಡಲ ಎಲ್ಲ ತಂದು ಕೂರಿಸಿಬಿಡುತ್ತೀರಿ. ಅವನ್ನೆಲ್ಲ ಆಚೆ ಇಡಿ. ಈ ಗುರು ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದರು, ಖಾಕಿ ಚಡ್ಡಿ ಹಾಕುತ್ತಿದ್ದರು. ಕಲಿಸುತ್ತಿದ್ದದ್ದು ಹಾರುವುದನ್ನು.

ಹೆಸರು ಬೆಳ್ಳಿಯಪ್ಪ. ಕೊಡಗಿನವರು. ವಾಯುಪಡೆಯಲ್ಲಿ ಹುಡುಗರಿಗೆ ವಿಮಾನ ಕಲಿಸಿ ನಿವೃತ್ತರಾದ ಮೇಲೆ ಯಾಕೋ ಊರಿಗೆ ಹೋಗದೆ ಈ ಬಯಲುಸೀಮೆಗೆ ಬಂದು ಕೂತವರು. ಮಾತು ಕಡಿಮೆ. ಆಡಿದ ಮಾತೂ ಅರ್ಧ.

ಅವರ ಬಳಿ ಒಂದು ಗ್ಲೈಡರ್ ಇತ್ತು. ಎಂಜಿನ್ನಿಲ್ಲದ ವಿಮಾನ. ಮುಂದಿನ ಸೀಟು ಶಿಷ್ಯರಿಗೆ, ಹಿಂದಿನದು ಗುರುವಿಗೆ. ಎರಡು ಸೀಟಿಗೂ ಒಂದೊಂದು ಕೋಲು. ಒಂದನ್ನು ಅಲುಗಿಸಿದರೆ ಇನ್ನೊಂದೂ ಹಾಗೇ ಅಲುಗುತ್ತದೆ. ಕೋಲು ಎಡಕ್ಕೆ ಹೋದರೆ ವಿಮಾನ ಎಡಕ್ಕೆ ವಾಲುತ್ತದೆ, ಬಲಕ್ಕೆ ಹೋದರೆ ಬಲಕ್ಕೆ. ಅಷ್ಟು ಗೊತ್ತಿದ್ದರೆ ಈ ಕಥೆಗೆ ಸಾಕು.

ಬಯಲಿನ ಆ ತುದಿಯಲ್ಲಿ ಗುರುವಿನ ಸಹಾಯಕ್ಕಿದ್ದ ದಸ್ತಗೀರ್ ಸಾಹೇಬರು ಯಂತ್ರ ಓಡಿಸಿ, ವಿಮಾನಕ್ಕೆ ಕಟ್ಟಿದ ಹಗ್ಗ ಸುತ್ತಿದರೆ ಗ್ಲೈಡರ್ ಗಾಳಿಪಟದ ಹಾಗೆ ಏಳುತ್ತಿತ್ತು. ಮೇಲೆ ಹಗ್ಗ ಕಳಚಿಕೊಂಡಿತೋ, ಮುಗಿಯಿತು. ಆಮೇಲೆ ಸದ್ದಿಲ್ಲ. ಆ ನಿಶ್ಶಬ್ದ ಎಲ್ಲರಿಗೂ ಆಗಿಬರುವುದಿಲ್ಲ. ಯಾರೋ ಕಿವಿಯ ಹತ್ತಿರ ಉಸಿರು ಹಿಡಿದು ನಿಂತ ಹಾಗಿರುತ್ತದೆ.

ಆ ಬಯಲಿಗೆ ನೀಲವ್ವ ಬಂದಳು. ನೇಕಾರರ ಮನೆಯ ಹುಡುಗಿ.

ಬೆಳ್ಳಿಯಪ್ಪನವರು ಅವಳ ಮುಖ ನೋಡಿದವರೇ ಗುರುತು ಹಿಡಿದರು. "ನೀನು ಸಂಗಮೇಶನ ತಂಗಿ."

"ಹೌದ್ರಿ."

"ವಾಪಸ್ ಹೋಗು. ನಿಮ್ಮ ಮನೆಯಿಂದ ಒಬ್ಬ ಸಾಕು."

ಸಂಗಮೇಶ ಅವರ ಶಿಷ್ಯನಾಗಿದ್ದ. ಹೋದ ವರ್ಷ, ಮೊದಲ ಸಲ ಒಬ್ಬನೇ ಹಾರಿದ ದಿನ, ಇಳಿಯುವಾಗ ವಿಮಾನ ಎಡಕ್ಕೆ ವಾಲಿ ಹೊಳೆಗೆ ಬಿತ್ತು. ಹುಡುಗ ಉಳಿಯಲಿಲ್ಲ. ಗುರು ದಂಡೆಯ ಮೇಲೆ ನಿಂತು ನೋಡಿದ್ದರು. ಆಗಿನ ವಿಮಾನ ಬೇರೆ. ಅದರ ರೆಕ್ಕೆಯ ಒಂದು ತುಂಡು ಬಹಳ ದಿನ ನೀರಿನಲ್ಲೇ ಕಾಣುತ್ತಿತ್ತಂತೆ.

ನೀಲವ್ವ ಹೋಗಲಿಲ್ಲ. "ಅಣ್ಣ ಯಾಕ ಬಿದ್ದ ಅಂತ ನಿಮಗ ಗೊತ್ತೈತೇನ್ರಿ?" ಎಂದು ಕೇಳಿದಳು.

"ಗೊತ್ತಿಲ್ಲ."

"ಊರಾಗ ಎಲ್ಲಾರೂ ಅವ ಬೇಕಂತ ಹೊಳೀಗೆ ಇಳಿಸಿದ ಅಂತಾರ್ರಿ. ನಮ್ಮವ್ವ ಅದನ್ನ ಕೇಳಿ ಕೇಳಿ ಹಾಸಿಗಿ ಹಿಡದಾಳ. ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಅವ ಇಳಿಯಾಕ ಹೋಗಿದ್ದ ಜಾಗಾದಾಗ ನಾ ಇಳೀಬೇಕ್ರಿ. ಆಗ ಗೊತ್ತಾಗ್ತೈತಿ."

ಗುರು ಹೊಳೆಯ ದಂಡೆಯವರೆಗೆ ಹೋಗಿ ವಾಪಸ್ ಬಂದರು. ಕೊನೆಗೆ, "ಬೆಳಗ್ಗೆ ತಿಂಡಿ ಕಡಿಮೆ ತಿನ್ನು. ಮೇಲೆ ಹೊಟ್ಟೆ ತೊಳಸುತ್ತೆ," ಎಂದರು.

ಒಪ್ಪಿಗೆ ಕೊಡುವ ರೀತಿಯೇ ಅದು, ಏನು ಮಾಡುವುದು.

ನೀಲವ್ವ ಬೇಗ ಕಲಿತಳು. ಬರೀ ತೋಳಿನ ಬಲದಿಂದ ಕೋಲು ಹಿಡಿಯುತ್ತಿದ್ದ ಹುಡುಗಿಯನ್ನು ಗುರು ಮೊದಲ ವಾರವೇ ತಿದ್ದಿದರು. "ಮೊಣಕೈ ತೊಡೆಯ ಮೇಲಿಡು. ಭುಜಕ್ಕೆ ಇಲ್ಲಿ ಕೆಲಸ ಇಲ್ಲ, ಮಲಗಲಿ. ಬೆರಳು ಮಾತ್ರ ಎಚ್ಚರ ಇರಲಿ."

ಏಳುವುದು ಬಂತು. ತಿರುಗುವುದು ಬಂತು. ಇಳಿಯುವುದು ಮಾತ್ರ ಬರಲಿಲ್ಲ.

ಇಳಿಯುವ ದಾರಿ ಹೊಳೆಯ ಪಕ್ಕದಲ್ಲಿತ್ತು. ಎಡಕ್ಕೆ ನೀರು, ಬಲಕ್ಕೆ ಬಯಲು, ಕೆಳಗೆ ಊರಿನ ಸುಡುಗಾಡು. ಸರಿಯಾಗಿ ಸುಡುಗಾಡಿನ ಮೇಲೆ ಬಂದಾಗ ಎಡಗೈಯಿಂದ ಬ್ರೇಕಿನ ಹಿಡಿ ಎಳೆಯಬೇಕು. ರೆಕ್ಕೆಯ ಮೇಲೆ ಎರಡು ಹಲಗೆ ಏಳುತ್ತವೆ, ವಿಮಾನ ಕೆಳಗಿಳಿಯುತ್ತದೆ. ಬಲಗೈ ಕೋಲಿನ ಮೇಲೇ ಇರುತ್ತದೆ.

ಅಲ್ಲಿಗೆ ಬಂದಾಗೆಲ್ಲ ಗ್ಲೈಡರ್ ಎಡಕ್ಕೆ ವಾಲುತ್ತಿತ್ತು. ಪ್ರತಿ ಸಲವೂ, ಅಲ್ಲಿಯೇ.

ಒಂದು ದಿನ ಕೆಳಗಿಳಿದ ಮೇಲೆ ನೀಲವ್ವ ಹಿಂದಕ್ಕೆ ತಿರುಗಿ ಕೇಳಿದಳು. "ನೀವು ಕೋಲನ್ನ ಎಡಕ್ಕ ಯಾಕ ಎಳೀತೀರಿ, ಸರ್?"

"ನಾನು ಬಲಕ್ಕೆ ತರ್ತೀನಿ. ಎಡಕ್ಕೆ ಎಳೆಯೋದು ನಾನಲ್ಲ."

"ನಾನೂ ಅಲ್ರಿ."

ಇಬ್ಬರೂ ಸೀಟಿನಲ್ಲೇ ಕೂತಿದ್ದರು. ಹೊಳೆಯಿಂದ ಗಾಳಿ ಬರುತ್ತಿತ್ತು. ಯಾರೂ ಇಳಿಯಲಿಲ್ಲ.

"ನನ್ನ ಮುಂಗೈ ಮ್ಯಾಲೆ ಯಾರೋ ಕೈ ಇಟ್ಟಂಗ ಆಗ್ತೈತ್ರಿ," ಎಂದಳು ನೀಲವ್ವ. "ಒತ್ತಂಗಿಲ್ಲ, ಸುಮ್ನ ಇಡ್ತೈತಿ. ಬೆಚ್ಚಗ ಇರ್ತೈತಿ."

ಹಗ್ಗ ಎಳೆದುಕೊಂಡು ಬಂದ ದಸ್ತಗೀರ್ ಸಾಹೇಬರು ಇದನ್ನು ಕೇಳಿಸಿಕೊಂಡರು. ಅವರು ಒಳ್ಳೆಯ ಮನುಷ್ಯರೇ, ಆದರೆ ಬಾಯಿ ಸುಮ್ಮನಿರದು. "ಅದು ನಿಮ್ಮಣ್ಣಂದ ಕೈ ಬೇಟಿ. ಕರಿಯಾಕತ್ತಾನ. ನೀ ಊರಿಗೆ ಹೋಗು," ಎಂದುಬಿಟ್ಟರು.

ಅವತ್ತು ನೀಲವ್ವ ಊಟ ಮಾಡಲಿಲ್ಲ. ಹೆದರಿಕೆ ಎಂದರೆ ಎಂಥದ್ದು ಅಂತೀರಿ, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಕೂತಿದ್ದಳು. ತನ್ನ ಕೈಯನ್ನು ನೋಡಲಿಕ್ಕೇ ಅವಳಿಗೆ ಭಯ.

ಮರುದಿನ ಗುರು ಅವಳನ್ನು ಹಾರಿಸಲಿಲ್ಲ. ಗ್ಲೈಡರನ್ನು ಷೆಡ್ಡಿನೊಳಗೆ ತಳ್ಳಿಸಿದರು. ದಸ್ತಗೀರ್ ಸಾಹೇಬರ ಆಡಿನ ಕೊರಳಿನಿಂದ ಒಂದು ಗೆಜ್ಜೆ ಬಿಚ್ಚಿಸಿ ಕೋಲಿನ ತುದಿಗೆ ಕಟ್ಟಿದರು. ಷೆಡ್ಡಿನ ಬಾಗಿಲು ಎಳೆದು ಹಾಕಿದರು. ಒಳಗೆ ಕತ್ತಲೆ. ತಗಡಿನ ಸಂದಿಯಿಂದ ಒಂದಿಷ್ಟು ಬಿಸಿಲು.

"ಕೂತ್ಕೊ. ಕಣ್ಣು ಮುಚ್ಚು. ಬಲಗೈ ಕೋಲಿನ ಮೇಲೆ. ಎಡಗೈ ಬ್ರೇಕಿನ ಮೇಲೆ. ಸುಡುಗಾಡಿನ ಮೇಲೆ ಬಂದಿದ್ದೀಯ ಅಂದ್ಕೊ. ಎಡಗೈ ಮಾತ್ರ ಎಳಿ."

ನೀಲವ್ವ ಎಳೆದಳು.

ಗೆಜ್ಜೆ ಘಲ್ ಎಂದಿತು.

"ಯಾರು ಬಾರಿಸಿದ್ದು?" ಎಂದು ಕೇಳಿದರು ಗುರು.

"ನಾ ಅಲ್ರಿ. ನನ್ನ ಬಲಗೈ ಅಲುಗೇ ಇಲ್ಲ."

"ಇನ್ನೊಂದು ಸಲ."

ಗೆಜ್ಜೆ ಮತ್ತೆ ಘಲ್ ಎಂದಿತು. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಗುರು ಪಕ್ಕದಲ್ಲಿ ನಿಂತಿದ್ದರು, ಎರಡು ಕೈಯನ್ನೂ ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡು.

"ಆಣಿ ಮಾಡಿ ಹೇಳ್ತೀನ್ರಿ, ನಾ ಅಲ್ಲ."

"ಈಗ ಕಣ್ಣು ಬಿಟ್ಟು ಎಳಿ. ನಿನ್ನ ಬಲಗೈ ನೋಡ್ತಾ ಎಳಿ."

ನೀಲವ್ವ ನೋಡುತ್ತಾ ಎಳೆದಳು. ಎಡಗೈ ಹಿಂದಕ್ಕೆ ಬಂದ ಆ ಗಳಿಗೆಯಲ್ಲೇ ಬಲಗೈ ಸಣ್ಣಗೆ, ಒಂದೇ ಒಂದು ಸಲ, ಒಳಕ್ಕೆ, ಎಡಕ್ಕೆ ಜಗ್ಗಿತು. ಅವಳ ಕೈಯೇ. ಅವಳಿಗೆ ಒಂದಿಷ್ಟೂ ತಿಳಿಯದ ಹಾಗೆ.

ಸ್ವಂತ ಕೈಯನ್ನು ಹಾಗೆ ನೋಡುವುದು ಯಾರಿಗೂ ಬೇಡ. ದೆವ್ವ ಕಂಡಿದ್ದರೆ ಆಕೆ ಅಷ್ಟು ಬೆಚ್ಚುತ್ತಿರಲಿಲ್ಲ.

ಗುರು ಬಗ್ಗಿ ಆ ಕೈಯನ್ನು ನೋಡಿದರು. "ಮನೆಯಲ್ಲಿ ಏನು ಕೆಲಸ ಮಾಡ್ತಿದ್ದೆ?"

"ಮಗ್ಗಾ ರಿ. ಬುದ್ಧಿ ಬಂದಾಗಿಂದ ಅದ."

"ಮಗ್ಗದಲ್ಲಿ ಕೈ ಹೇಗೆ ಆಡುತ್ತೆ? ತೋರಿಸು."

ನೀಲವ್ವ ಗಾಳಿಯಲ್ಲೇ ನೇಯ್ದು ತೋರಿಸಿದಳು. ಎಡಗೈ ಹಣಿಗೆಯನ್ನು ತನ್ನ ಕಡೆಗೆ ಎಳೆದುಕೊಂಡು ನೂಲು ಬಡಿಯುತ್ತದೆ. ಅದು ಎಳೆಯುತ್ತಿದ್ದ ಹಾಗೇ ಬಲಗೈ ಲಾಳಿಯ ಹಗ್ಗವನ್ನು ಜಗ್ಗುತ್ತದೆ, ನೂಲು ಹೊತ್ತ ಲಾಳಿ ಆಚೆ ದಡಕ್ಕೆ ಓಡುತ್ತದೆ. ಎಡಗೈ, ಬಲಗೈ. ಎಡಗೈ, ಬಲಗೈ.

ತೋರಿಸುತ್ತಾ ತೋರಿಸುತ್ತಾ ಅವಳ ಕೈ ನಿಂತಿತು.

"ಸಂಗಮೇಶ?" ಎಂದರು ಗುರು.

"ನಂಗ ಮಗ್ಗಾ ಕಲಿಸಿದವನ ಅವ ರಿ. ಬಾಜೂಕ ಕುಂತು, ನನ್ನ ಮುಂಗೈ ಮ್ಯಾಲೆ ತನ್ನ ಕೈ ಇಟ್ಟು ಕಲಿಸಿದ."

ಬೆಳ್ಳಿಯಪ್ಪನವರು ನೆಲದ ಮೇಲೆ ಕೂತುಬಿಟ್ಟರು. ಆ ಮನುಷ್ಯ ಶಿಷ್ಯರ ಎದುರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಅವನ ಜೊತೆ ಹಾರುವಾಗಲೂ ಹೀಗೇ ವಾಲ್ತಿತ್ತು," ಎಂದರು. "ಹೊಳೆಗಾಳಿ ಅಂದುಕೊಂಡು ನಾನು ಹಿಂದಿನಿಂದ ತಿದ್ದುತ್ತಾ ಹೋದೆ. ತಪ್ಪು ಇದೆ ಅಂತ ಅವನಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಹಿಂದಿನ ಸೀಟು ಖಾಲಿಯಾದ ದಿನ ತಿದ್ದೋರು ಯಾರು?"

ನೀಲವ್ವ ಅತ್ತಳು. ಅಣ್ಣ ಬೇಕಂತ ಬಿದ್ದವನಲ್ಲ. ಮಗ್ಗದ ಕೈ ಅವನನ್ನು ಬೀಳಿಸಿತು. ಅಳುವಿನ ನಡುವೆಯೇ ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರವೂ ಆಯಿತು.

"ಕಾರಣ ಸಿಕ್ಕಿತು," ಎಂದರು ಗುರು. "ಮನೆಗೆ ಹೋಗು. ನಿಮ್ಮ ತಾಯಿಗೆ ಹೇಳು."

"ಹೇಳಿ ಕಳಸ್ತೀನ್ರಿ. ಕಾರಣ ಸಿಕ್ತು, ಕೈ ಇನ್ನೂ ಸಿಕ್ಕಿಲ್ಲ."

ಗುರು ಅವಳ ಮುಖವನ್ನೇ ನೋಡಿದರು. ಆಮೇಲೆ ಎದ್ದು ಚಡ್ಡಿಯ ಧೂಳು ಕೊಡವಿಕೊಂಡರು. "ಮಳೆ ಹಿಡಿದರೆ ಈ ಬಯಲು ಕೆಸರು. ಅಷ್ಟರೊಳಗೆ ಆ ಗೆಜ್ಜೆ ಸುಮ್ಮನಾಗಬೇಕು. ಆಗದಿದ್ದರೆ ನಿನ್ನನ್ನ ಒಂಟಿಯಾಗಿ ಬಿಡಲ್ಲ, ಈ ವರ್ಷವೂ ಅಷ್ಟೆ, ಮುಂದೂ ಅಷ್ಟೆ."

ಅಂದಿನಿಂದ ನೀಲವ್ವ ದಿನವೂ ಷೆಡ್ಡಿನಲ್ಲಿ ಕೂತಳು. ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ಎಡಗೈ ಎಳೆಯುವುದು. ಗೆಜ್ಜೆ ಘಲ್ ಎನ್ನುವುದು. ಮತ್ತೆ ಎಳೆಯುವುದು. ಮತ್ತೆ ಘಲ್. ಹೊರಗೆ ಆಡು ಕೂಡ ಬೇಸರಪಟ್ಟುಕೊಂಡು ಬೇರೆ ಕಡೆ ಮೇಯಲು ಹೋಯಿತು.

ಮೊದಮೊದಲು ಅವಳು ಬಲಗೈಯನ್ನು ಬಿಗಿಹಿಡಿದಳು. ಗೆಜ್ಜೆ ಇನ್ನೂ ಜೋರಾಗಿ ಘಲ್ ಎಂದಿತು.

"ಬಿಗಿ ಹಿಡಿಯಬೇಡ," ಎಂದರು ಗುರು.

"ಬಿಟ್ರ ಅದು ಜಗ್ಗತೈತ್ರಿ."

"ಬಿಗಿ ಹಿಡಿದ ಕೈಗೆ ಏನೂ ಕೇಳಿಸಲ್ಲ. ಯಾವುದು ನಿನ್ನದು, ಯಾವುದು ನಿನ್ನದಲ್ಲ ಅಂತ ಗೊತ್ತಾಗಬೇಕಾದರೆ ಸಡಿಲ ಬಿಡು. ಮಲಗಿದ ಕೂಸಿನ ಮೇಲೆ ಕೈ ಇಡ್ತೀಯಲ್ಲ, ಹಾಗೆ ಇಡು."

ಹಾಗೆ ಇಟ್ಟಳು. ಗೆಜ್ಜೆಯ ಸದ್ದು ದಿನೇ ದಿನೇ ಸಣ್ಣದಾಯಿತು. ಒಂದು ದಿನ ಎಡಗೈ ಎಳೆಯಿತು, ಗೆಜ್ಜೆ ಸುಮ್ಮನಿತ್ತು. ಮತ್ತೆ ಎಳೆದಳು, ಸುಮ್ಮನಿತ್ತು. ಎಷ್ಟು ಸಲ ಎಳೆದರೂ ಸುಮ್ಮನೇ ಇತ್ತು.

ನೀಲವ್ವನಿಗೆ ಕುಣಿಯಬೇಕೆನ್ನಿಸಿತು. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸೀಟಿಗೆ ಒರಗಿದಳು.

ಆಗ ಗೆಜ್ಜೆ ಘಲ್ ಎಂದಿತು.

ಅವಳು ಹೊರಗೆ ಓಡಿ ಬಂದಾಗ ಗುರು ಹಗ್ಗಕ್ಕೆ ಎಣ್ಣೆ ಸವರುತ್ತಿದ್ದರು. ನಡೆದದ್ದನ್ನು ಹೇಳಿದಳು.

"ಗಾಳಿ ಇರಬೇಕು," ಎಂದರು ಗುರು.

"ಬಾಗಲಾ ಹಾಕಿತ್ತಲ್ರೀ."

"ಹೌದು. ಹಾಕಿತ್ತು."

ಎಣ್ಣೆ ಸವರುವ ಅವರ ಕೈ ಸ್ವಲ್ಪ ಹೊತ್ತು ಒಂದೇ ಜಾಗದಲ್ಲಿ ಉಜ್ಜುತ್ತಿತ್ತು.

ಈ ಕಥೆ ಕೇಳಿದವರು ಇಲ್ಲಿಗೆ ಬಂದಾಗ ಎರಡು ಗುಂಪಾಗುತ್ತಾರೆ. ತಗಡಿನ ಷೆಡ್ಡು, ಬಿಸಿಲಿಗೆ ಹಿಗ್ಗುತ್ತದೆ, ಅಲುಗುತ್ತದೆ ಎನ್ನುವವರು ಒಂದು ಕಡೆ. ಬಾಯಿ ಮುಚ್ಚಿಕೊಂಡು ಕೂರುವವರು ಇನ್ನೊಂದು ಕಡೆ. ನಾನು ಯಾವ ಕಡೆ ಅಂತ ಕೇಳಬೇಡಿ, ನನಗೆ ಆ ಷೆಡ್ಡಿನ ಹತ್ತಿರ ಹೋಗುವ ಕೆಲಸವಿಲ್ಲ.

ಆಮೇಲಿನ ದಿನಗಳಲ್ಲಿ ಗುರು ಅವಳ ಜೊತೆ ಹಾರಿದರು, ಆದರೆ ಕೋಲು ಮುಟ್ಟಲಿಲ್ಲ. ಎರಡು ಕೈಯನ್ನೂ ಎತ್ತಿ ಅವಳ ಭುಜದ ಪಕ್ಕಕ್ಕೆ ಚಾಚುತ್ತಿದ್ದರು, ಅವಳಿಗೆ ಕಾಣಲಿ ಎಂದು. ಸುಡುಗಾಡಿನ ಮೇಲೆ ಬ್ರೇಕು ಎಳೆದಾಗಲೂ ಗ್ಲೈಡರ್ ನೇರವಾಗಿ ಇಳಿಯಿತು. ವಾಲಲಿಲ್ಲ. ಮುಂಗೈಯ ಮೇಲೆ ಯಾವ ಕೈಯೂ ಬರಲಿಲ್ಲ. ದಸ್ತಗೀರ್ ಸಾಹೇಬರು, "ನಿಮ್ಮಣ್ಣ ಹೋದ ಬೇಟಿ, ಸಮಾಧಾನ ಆತು," ಎಂದು ಬೆಲ್ಲ ಹಂಚಿದರು.

ನೈಋತ್ಯದಲ್ಲಿ ಮೋಡ ಕಟ್ಟತೊಡಗಿತ್ತು. ಒಂದು ಬೆಳಿಗ್ಗೆ ಗುರು ಹಿಂದಿನ ಸೀಟಿಗೆ ಹತ್ತಲಿಲ್ಲ.

"ಇವತ್ತು ನೀನೊಬ್ಬಳೇ," ಎಂದರು.

ನೀಲವ್ವ ಮುಂದೆ ಕೂತು ಬೆಲ್ಟು ಬಿಗಿದುಕೊಂಡಳು. ಹಿಂದೆ ಸದ್ದಾಯಿತು. ಗುರು ಬಗ್ಗಿ ಖಾಲಿ ಸೀಟಿನ ಬೆಲ್ಟು ಹಾಕುತ್ತಿದ್ದರು. ಹೆಗಲಿನ ಪಟ್ಟಿ, ಸೊಂಟದ ಪಟ್ಟಿ, ಒಂದೊಂದನ್ನೇ ಎಳೆದು ಅಳತೆಗೆ ಬಿಗಿದರು.

"ಯಾರಿಗ್ರಿ ಅದು?"

"ಖಾಲಿ ಬೆಲ್ಟು ಅಲ್ಲಾಡಿದರೆ ಕೋಲಿಗೆ ಸಿಕ್ಕಿಕೊಳ್ಳುತ್ತೆ. ಒಂಟಿ ಹಾರುವಾಗ ಎಲ್ಲ ಕಡೆಯೂ ಹೀಗೇ ಕಟ್ಟೋದು."

ನಿಜ, ಎಲ್ಲ ಕಡೆಯೂ ಹೀಗೇ ಕಟ್ಟುತ್ತಾರೆ. ಆದರೂ ನೀಲವ್ವ ಹಿಂದಕ್ಕೆ ತಿರುಗಿ ಇನ್ನೊಂದು ಸಲ ನೋಡಿದಳು.

ಹಗ್ಗ ಬಿಗಿಯಿತು. ನೆಲ ಜಾರಿತು. ಮೇಲೆ ಹೋದ ಮೇಲೆ ಹಗ್ಗ ಕಳಚಿತು, ನಿಶ್ಶಬ್ದ ಬಂದು ಸುತ್ತಲೂ ಕೂತಿತು.

ಅವಳು ಬಯಲಿನ ಸುತ್ತ ತಿರುಗಿದಳು. ಹೊಳೆ ಕಂಡಿತು, ಊರು ಕಂಡಿತು, ದಂಡೆಯ ಮೇಲೆ ಚುಕ್ಕೆಯಷ್ಟು ಗುರು ಕಂಡರು. ಇಳಿಯುವ ದಾರಿಗೆ ತಿರುಗಿದಳು. ಎಡಕ್ಕೆ ನೀರು, ಬಲಕ್ಕೆ ಬಯಲು.

ಸುಡುಗಾಡು ಬಂತು. ಮೊಣಕೈ ತೊಡೆಯ ಮೇಲಿತ್ತು. ಬೆರಳು ಸಡಿಲವಿತ್ತು. ಎಡಗೈಯಿಂದ ಬ್ರೇಕು ಎಳೆದಳು.

ಬಲಗೈ ಅಲುಗಲಿಲ್ಲ. ಈ ಸಲ ಅವಳು ಆ ಕೈಯನ್ನು ಬಲ್ಲಳು, ಅದರ ಪ್ರತಿಯೊಂದು ನರವನ್ನೂ ಬಲ್ಲಳು. ಅದು ಅಲುಗಲಿಲ್ಲ.

ಕೋಲು ಎಡಕ್ಕೆ ಹೋಯಿತು.

ಅವಳ ಬೆರಳಿನ ಕೆಳಗೇ, ಅವಳನ್ನು ಕೇಳದೆ, ಸಣ್ಣಗೆ ಒಂದು ಸಲ ಜಗ್ಗಿದ ಹಾಗೆ. ಎಡ ರೆಕ್ಕೆ ಕೆಳಗಾಯಿತು. ರೆಕ್ಕೆಯ ತುದಿಯ ಆಚೆ ನೀರು ಮಾತ್ರ ಇತ್ತು, ಹಸಿರು ಬಣ್ಣದ, ಸುಮ್ಮನೆ ಹರಿಯುವ ನೀರು. ಮುಂಗೈಯ ಮೇಲೆ ಆ ಬೆಚ್ಚಗಿನ ಕೈ ಬಂದು ಕೂತಿತು.

ಕೋಲನ್ನು ಮುಷ್ಟಿಯಲ್ಲಿ ಹಿಡಿದು ಪೂರ್ತಿ ಬಲಕ್ಕೆ ಸೆಳೆದುಬಿಡಬೇಕೆಂದು ಇಡೀ ತೋಳು ಸೆಟೆಯಿತು. ಅಷ್ಟು ಕೆಳಗೆ ಹಾಗೆ ಸೆಳೆದರೆ ವಿಮಾನ ಆಚೆ ಕಡೆ ಉರುಳುತ್ತದೆ, ಉಳಿಯುವ ಮಾತಿಲ್ಲ. ಅದು ಅವಳಿಗೆ ಗೊತ್ತಿತ್ತು. ತೋಳಿಗೆ ಗೊತ್ತಿರಲಿಲ್ಲ.

ನೀಲವ್ವ ಉಸಿರು ಬಿಟ್ಟಳು. ಭುಜ ಇಳಿಬಿಟ್ಟಳು. ಬೆರಳು ಇನ್ನೂ ಸಡಿಲ ಮಾಡಿದಳು. ಆ ಕೈಯನ್ನು ಕೊಡವಲಿಲ್ಲ, ಜಗ್ಗಾಡಲಿಲ್ಲ. ಅದು ಇದ್ದ ಹಾಗೇ ಇರಲಿ ಎಂದು ಬಿಟ್ಟು, ಕೋಲನ್ನು ಎರಡು ಬೆರಳಿನಿಂದ ಮೆಲ್ಲಗೆ, ಬಹಳ ಮೆಲ್ಲಗೆ, ನಡುವಿಗೆ ತಂದಳು. ರೆಕ್ಕೆ ಎದ್ದು ಸಮವಾಯಿತು. ಹೊಳೆ ಪಕ್ಕಕ್ಕೆ ಸರಿಯಿತು. ಹುಲ್ಲು ಬಂತು, ಗಾಲಿ ನೆಲ ಮುಟ್ಟಿತು, ಗ್ಲೈಡರ್ ಓಡಿ ಓಡಿ ನಿಂತಿತು.

ಗುರು ನಡೆದೇ ಬಂದರು. ಅವರು ಓಡುವವರಲ್ಲ. ಹತ್ತಿರ ಬಂದಾಗ ಮುಖ ಬೂದಿಯಾಗಿತ್ತು.

ನೀಲವ್ವ ಇಳಿದು ರೆಕ್ಕೆ ಹಿಡಿದು ನಿಂತಳು.

"ವಾಲಿತು," ಎಂದರು ಗುರು.

"ನನ್ನ ಕೈ ಅಲುಗಲಿಲ್ರಿ."

"ಗೊತ್ತಾಯ್ತು."

"ಮತ್ತ ಅಣ್ಣನ ರಿ." ಅವಳು ಖಾಲಿ ಸೀಟಿನ ಕಡೆ ಬೆರಳು ಮಾಡಿದಳು. "ಬೇಕಂತ ಬೀಳಲಿಲ್ಲ ಅಂದ್ರಿ, ನಾ ನಂಬಿದೆ. ಹಂಗಾದ್ರ ನನ್ನ ಯಾಕ ಹೊಳೀಗೆ ಕರೀತಾನ್ರಿ ಅವ? ನಾ ಏನ ಮಾಡೀನಿ ಅವಗ?"

ಗುರು ತಾವೇ ಒಂದು ಪ್ರಶ್ನೆ ಕೇಳಿದರು.

"ನೀನು ಕೋಲು ಬಲಕ್ಕೆ ತಂದಾಗ ಆ ಕೈ ಏನು ಮಾಡಿತು?"

ನೀಲವ್ವ ಯೋಚಿಸಿದಳು. ಹೆದರಿಕೆಯಲ್ಲಿ ಅದನ್ನು ಗಮನಿಸಿಯೇ ಇಲ್ಲವೆಂದು ಅಂದುಕೊಂಡಿದ್ದಳು. ಆದರೆ ಕೈ ಎಲ್ಲವನ್ನೂ ಗಮನಿಸಿತ್ತು.

"ನನ್ನ ಕೂಡನ ಬಂತ್ರಿ."

"ತಡೆದು ನಿಲ್ಲಿಸ್ತಾ?"

"ಇಲ್ರಿ."

"ಎಳೆದಾಡ್ತಾ?"

"ಇಲ್ರಿ. ಸುಮ್ನ ಬಂತು. ನಾ ಹೆಂಗ ಮಾಡ್ತೀನಿ ಅಂತ ನೋಡಿಕೋತ ಬಂದಂಗ."

ಬೆಳ್ಳಿಯಪ್ಪನವರು ಹಿಂದಿನ ಸೀಟಿನ ಕಡೆ ತಿರುಗಿದರು. ಬಹಳ ಹೊತ್ತು ಆ ಕಡೆಯೇ ನೋಡುತ್ತಾ ನಿಂತರು. ಅವರ ಕಣ್ಣು ತುಂಬಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ.

ಆಮೇಲೆ ಗ್ಲೈಡರಿನ ಮೂತಿ ಹಿಡಿದು ಹಗ್ಗದ ಕಡೆಗೆ ತಿರುಗಿಸಿದರು.

"ಮತ್ತೆ ಹತ್ತು ನೀಲವ್ವ. ಅವನು ಕರೀತಿಲ್ಲ, ನಿನ್ನ ಕೈ ನೋಡಿ ಕಲೀತಿದ್ದಾನೆ. ಅವನಿಗೆ ಈ ಪಾಠ ಒಂದೇ ಸಲಕ್ಕೆ ಬರೋದಿಲ್ಲ."